ಕಬ್ಬಿನ ಗಾಡಿಗಳ ಹಿಂದೆ ಕಾಯುವ ಮೋಟಾರ್ ಸೈಕಲ್



ಈ ಪುಟದಲ್ಲಿ ಸಾಮಾನ್ಯವಾಗಿ ಬೀಜದ ಕಬ್ಬು, ಕೂಳೆಯ ನಿರ್ವಹಣೆ, ಗೊಣ್ಣೆ ಹುಳು ಮುಂತಾದ ವಿಷಯಗಳು ಬರುತ್ತವೆ. ಈ ಸಲ ಮೋಟಾರ್ ಸೈಕಲ್ಲಿನ ಬಗ್ಗೆ ಬರೆದಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಹಂಗಾಮು ಆರಂಭವಾಯಿತೆಂದರೆ ಗಟ್ ಆಫೀಸಿಗೆ ಬರುವ ಸಭಾಸದರಲ್ಲಿ ಹಲವರು ಕಡಿತದ ಪಾಳಿಯನ್ನು ವಿಚಾರಿಸಿದ ಮೇಲೆ ಆಡುವ ಎರಡನೆಯ ಮಾತು ಇದೇ ಆಗಿರುತ್ತದೆ: "ಸಾಹೇಬ್ರ, ಟ್ರ್ಯಾಕ್ಟರ್ ಹಿಂದ ಸಾಲಿನ್ಯಾಗ ಸಿಕ್ಕರ ಗಾಡಿ ಕಾದು ಬೆಂಕಿ ಆಗ್ತದ್ರಿ, ಏನು ಮಾಡೂದು?"

ಪ್ರಶ್ನೆ ಸಣ್ಣದಲ್ಲ. ಹಂಗಾಮಿನ ನಡುವೆ ಇಂಜಿನ್ ಬಿಚ್ಚಬೇಕಾಗಿ ಬಂದರೆ ಖರ್ಚಿನ ಜೊತೆಗೆ ಓಡಾಟವೂ ನಿಲ್ಲುತ್ತದೆ. ಗ್ಯಾಂಗಿನವರಿಗೆ ಹೇಳಿ ಕಳಿಸುವುದು, ನೀರು ಬಿಡಲು ತೋಟಕ್ಕೆ ಹೋಗುವುದು, ಕಾಟಾ ನೋಡಲು ಬರುವುದು ಎಲ್ಲವೂ ಆ ಒಂದು ಗಾಡಿಯ ಮೇಲೆಯೇ ನಡೆಯುತ್ತದೆ. ಇದಕ್ಕಿಂತಲೂ ದೊಡ್ಡ ಸಂಗತಿ ಇನ್ನೊಂದಿದೆ. ಗಾಡಿ ಕಾಯುತ್ತದೆ ಎಂಬ ಒಂದೇ ಕಾರಣಕ್ಕೆ ತಾಳ್ಮೆ ಕಳೆದುಕೊಂಡು ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಪಕ್ಕದಿಂದ ದಾಟಲು ಹೋಗುವವರಿದ್ದಾರೆ. ಅದರ ಮಾತು ಮುಂದೆ ಬರುತ್ತದೆ.

ಬಿಸಿಲಲ್ಲ, ಗಾಳಿ

ನಮ್ಮ ಭಾಗದಲ್ಲಿ ಓಡುವ 100, 125 ಸಿ.ಸಿ. ಗಾಡಿಗಳಲ್ಲಿ ಬಹುತೇಕ ಎಲ್ಲವೂ ಗಾಳಿಯಿಂದ ತಂಪಾಗುವ ಇಂಜಿನ್ನಿನವು. ಟ್ರ್ಯಾಕ್ಟರಿಗೆ ಇರುವಂತೆ ಅವಕ್ಕೆ ರೇಡಿಯೇಟರ್ ಇಲ್ಲ, ನೀರಿಲ್ಲ, ಪಂಖವಿಲ್ಲ. ಇಂಜಿನ್ನಿನ ಮೈಮೇಲೆ ಸಾಲಾಗಿ ಎದ್ದಿರುವ ತೆಳುವಾದ ಲೋಹದ ಪಟ್ಟಿಗಳನ್ನು ತಾವು ನೋಡಿರುತ್ತೀರಿ. ಮಿಸ್ತ್ರಿಗಳು ಅವನ್ನು ಫಿನ್ ಎನ್ನುತ್ತಾರೆ. ಒಳಗಿನ ಶಾಖ ಈ ಪಟ್ಟಿಗಳಿಗೆ ಬರುತ್ತದೆ. ಗಾಡಿ ಓಡುವಾಗ ಎದುರಿನಿಂದ ಬರುವ ಗಾಳಿ ಅವುಗಳ ಸಂದಿನಲ್ಲಿ ಹಾಯ್ದು ಶಾಖವನ್ನು ಹೊತ್ತೊಯ್ಯುತ್ತದೆ. ಇಷ್ಟೇ ಅದರ ವ್ಯವಸ್ಥೆ.

ಒಯ್ಯಬೇಕಾದ ಶಾಖ ಎಷ್ಟೆಂಬುದನ್ನೂ ತಿಳಿಯಬೇಕು. ಒಂದು ಲೀಟರ್ ಪೆಟ್ರೋಲು ಪೂರ್ಣವಾಗಿ ಸುಟ್ಟರೆ ಬರುವ ಶಾಖದಿಂದ 30 ಡಿಗ್ರಿಯಲ್ಲಿರುವ 100 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಇದರಲ್ಲಿ ಗಾಲಿ ತಿರುಗಿಸಲು ಉಪಯೋಗವಾಗುವುದು ಸುಮಾರಾಗಿ ನಾಲ್ಕನೆಯ ಒಂದು ಪಾಲು. ಉಳಿದದ್ದು ಸೈಲೆನ್ಸರಿನ ಹೊಗೆಯೊಡನೆಯೂ ಇಂಜಿನ್ನಿನ ಮೈಯಿಂದಲೂ ಹೊರಗೆ ಹೋಗಲೇಬೇಕು.

ಬಿಸಿಲೇ ಇಂಜಿನ್ ಕಾಯಲು ಕಾರಣವೆಂದು ಬಹಳ ಜನ ತಿಳಿದಿದ್ದಾರೆ. ಸಣ್ಣ ಲೆಕ್ಕ ಹಾಕಿ ನೋಡೋಣ. ಇಂಜಿನ್ನಿನ ಹೆಡ್ಡು 150 ಡಿಗ್ರಿ ಇದೆಯೆಂದು ಹಿಡಿಯಿರಿ. ಚಳಿಗಾಲದಲ್ಲಿ ಹೊರಗಿನ ಗಾಳಿ 20 ಡಿಗ್ರಿ ಇದ್ದರೆ ಎರಡರ ಅಂತರ 130. ಬೇಸಿಗೆಯಲ್ಲಿ ಗಾಳಿ 40 ಡಿಗ್ರಿ ಇದ್ದರೆ ಅಂತರ 110. ಅಂದರೆ ಬಿಸಿಲಿನಿಂದ ಶಾಖ ಹೊರಹೋಗುವುದು ನೂರಕ್ಕೆ ಸುಮಾರು 15ರಷ್ಟು ಮಾತ್ರ ಕಡಿಮೆಯಾಯಿತು. ಆದರೆ ಗಂಟೆಗೆ 40 ಕಿಲೋಮೀಟರ್ ಓಡುತ್ತಿದ್ದ ಗಾಡಿ ಎತ್ತಿನ ಗಾಡಿಯ ಹಿಂದೆ ಸಿಕ್ಕು ನಾಲ್ಕು ಕಿಲೋಮೀಟರಿಗೆ ಇಳಿದರೆ ಎದುರಿನ ಗಾಳಿ ಹತ್ತನೆಯ ಒಂದು ಪಾಲಿಗೆ ಬಂತು. ನಿಂತರೆ ಅದೂ ಇಲ್ಲ. ಜೋಳದ ರಾಶಿ ತೂರಲು ಬಿಸಿಲೆಷ್ಟಿದ್ದರೇನು, ಗಾಳಿ ಬೀಸದಿದ್ದರೆ ಮೊರ ಹಿಡಿದು ನಿಂತಲ್ಲೇ ನಿಲ್ಲಬೇಕಲ್ಲವೇ? ಇಲ್ಲಿಯೂ ಹಾಗೆಯೇ. ಆದ್ದರಿಂದಲೇ ಡಿಸೆಂಬರದ ಚಳಿಯಲ್ಲಿ ರಾತ್ರಿ ಕಾರಖಾನೆಯ ಗೇಟಿನ ಸಾಲಿನಲ್ಲಿ ತೆವಳುವ ಗಾಡಿಯೂ ಕಾಯುತ್ತದೆ. ಸಂಕ್ರಾಂತಿಯಲ್ಲಿ ಸೋಲಾಪುರದ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ, ಗುರುವಾರ ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರ ವಾಹನಗಳ ನಡುವೆ ಆಗುವುದೂ ಇದೇ. ಮಾರ್ಚ್ ಕಳೆದು ಬಿಸಿಲೂ ಕೂಡಿಕೊಂಡರೆ ಎರಡೂ ಕಡೆಯ ಪೆಟ್ಟು.

ಹೀಗಿರುವಾಗ ನಮ್ಮ ಕೈಯಲ್ಲಿರುವ ಉಪಾಯ ಎರಡೇ. ಗಾಳಿ ಇಲ್ಲದಾಗ ಒಳಗೆ ಶಾಖ ಹುಟ್ಟುವುದನ್ನು ಕಡಿಮೆ ಮಾಡಬೇಕು. ಹುಟ್ಟಿದ ಶಾಖಕ್ಕೆ ಹೊರಗೆ ಹೋಗುವ ದಾರಿಯನ್ನು ತೆರವಾಗಿಡಬೇಕು.

ನಿಂತಲ್ಲಿ ಇಂಜಿನ್ ಬಂದ್ ಮಾಡಿರಿ

ಇಂಜಿನ್ ಚಾಲೂ ಇಟ್ಟು ನಿಂತರೆ ಅದಕ್ಕೆ ವಿಶ್ರಾಂತಿ ಎಂದು ತಿಳಿಯುವುದು ತಪ್ಪು. ಎತ್ತು ನೊಗದಲ್ಲಿಯೇ ನಿಂತರೂ ದಣಿವಾರಿಸಿಕೊಳ್ಳುತ್ತದೆ, ಇಂಜಿನ್ ಹಾಗಲ್ಲ. ನಿಂತ ಗಾಡಿಯ ಇಂಜಿನ್ ಕೂಡ ನಿಮಿಷಕ್ಕೆ ಸಾವಿರದ ಮೇಲೆ ಸುತ್ತು ತಿರುಗುತ್ತಲೇ ಇರುತ್ತದೆ, ಪೆಟ್ರೋಲು ಸುಡುತ್ತಲೇ ಇರುತ್ತದೆ. ತಂಪು ಮಾಡುವ ಗಾಳಿ ಮಾತ್ರ ಇರುವುದಿಲ್ಲ. ರೈಲ್ವೆ ಗೇಟಿರಲಿ, ಕಾಟಾದ ಸಾಲಿರಲಿ, ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದೆಂದು ಕಂಡರೆ ಕೀಲಿ ತಿರುಗಿಸಿಬಿಡಿ. ಪುನಃ ಚಾಲೂ ಮಾಡಿದರೆ ಪೆಟ್ರೋಲು ಹೆಚ್ಚು ಹೋಗುತ್ತದೆಂದು ಕೆಲವರು ವಾದಿಸುತ್ತಾರೆ. ಕಾದ ಇಂಜಿನ್ ಒಂದೇ ಕಿಕ್ಕಿಗೆ ಏಳುತ್ತದೆ. ಆ ವಾದಕ್ಕೆ ಹುರುಳಿಲ್ಲ.

ನಿಂತಲ್ಲಿ ರೇಸ್ ಮಾಡುವ ಚಟ ಇದಕ್ಕಿಂತಲೂ ಕೆಟ್ಟದ್ದು. "ಆಯಿಲ್ ಮೇಲೆ ಏರಲಿ" ಎಂದು ಹಾಗೆ ಮಾಡುವವರಿದ್ದಾರೆ. ಆಯಿಲ್ ಏರುವುದು ನಿಜ, ಆದರೆ ಅದರ ಎರಡು ಪಟ್ಟು ಶಾಖವೂ ಏರುತ್ತದೆ.

ಇನ್ನು ಅರ್ಧ ಕ್ಲಚ್ಚಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಾಲಿನಲ್ಲಿ ಇಂಜಿನ್ ಕಾಯಿಸುವವರಲ್ಲಿ ಬಹಳ ಜನ ಇಲ್ಲಿಯೇ ಎಡವುತ್ತಾರೆ. ಎರಡನೆಯ ಗೇರಿನಲ್ಲಿಟ್ಟು, ಕ್ಲಚ್ಚನ್ನು ಅರ್ಧ ಹಿಡಿದು, ಎಕ್ಸಿಲೇಟರ್ ಕೊಡುತ್ತ ಟ್ರೇಲರಿನ ಬೆನ್ನಿಗೆ ಅಂಟಿಕೊಂಡು ಹೋಗುವುದು ಎಲ್ಲೆಲ್ಲೂ ಕಾಣುವ ನೋಟ. ಬಾವಿಯಿಂದ ಕೊಡ ಸೇದುವಾಗ ಹಗ್ಗವನ್ನು ಗಟ್ಟಿಯಾಗಿ ಹಿಡಿದರೆ ಕೈಗೆ ಏನೂ ಆಗುವುದಿಲ್ಲ, ಪೂರ್ತಿ ಬಿಟ್ಟರೂ ಆಗುವುದಿಲ್ಲ. ಸಡಿಲು ಹಿಡಿದು ಹಗ್ಗ ಜಾರಿದರೆ ಅಂಗೈ ಸುಡುತ್ತದೆ. ಕ್ಲಚ್ಚಿನ ಪ್ಲೇಟುಗಳ ಸ್ಥಿತಿಯೂ ಅದೇ. ಅರ್ಧ ಕ್ಲಚ್ಚಿನಲ್ಲಿ ಅವು ಒಂದರ ಮೇಲೊಂದು ಜಾರಿ ಉಜ್ಜುತ್ತವೆ. ನಮ್ಮ ಹೆಚ್ಚಿನ ಮೋಟಾರ್ ಸೈಕಲ್ಲುಗಳಲ್ಲಿ ಈ ಪ್ಲೇಟುಗಳು ಇಂಜಿನ್ ಆಯಿಲಿನಲ್ಲಿಯೇ ಮುಳುಗಿರುತ್ತವೆ. ಆದ್ದರಿಂದ ಉಜ್ಜಿ ಹುಟ್ಟಿದ ಶಾಖ ನೇರವಾಗಿ ಆಯಿಲಿಗೆ ಹೋಗುತ್ತದೆ, ಆಯಿಲಿನಿಂದ ಇಡೀ ಇಂಜಿನ್ನಿಗೆ.

ಸರಿಯಾದ ಕ್ರಮವೆಂದರೆ ಮುಂದಿನ ಗಾಡಿಯಿಂದ ಅಂತರ ಬಿಡುವುದು. ಹತ್ತು ಹದಿನೈದು ಮಾರು ಖಾಲಿಯಾಗುವವರೆಗೆ ನ್ಯೂಟ್ರಲ್ಲಿನಲ್ಲಿ ನಿಲ್ಲಿ. ನಂತರ ಒಂದನೆಯ ಗೇರು ಹಾಕಿ, ಕ್ಲಚ್ಚನ್ನು ಪೂರ್ತಿ ಬಿಟ್ಟು, ಅಷ್ಟು ದೂರ ಹೋಗಿ ಮತ್ತೆ ನಿಲ್ಲಿ. ತೆವಳುವುದಕ್ಕಿಂತ ಹೀಗೆ ನಿಂತು ನಿಂತು ಹೋಗುವುದು ಇಂಜಿನ್ನಿಗೂ ಒಳ್ಳೆಯದು, ಎಡಗೈಗೂ ಒಳ್ಳೆಯದು. ಅಂತರ ಬಿಟ್ಟರೆ ಟ್ರೇಲರಿನ ಮರೆ ತಪ್ಪಿ ಅಷ್ಟಿಷ್ಟು ಗಾಳಿಯೂ ಸಿಗುತ್ತದೆ, ಮೇಲಿನಿಂದ ಜಾರುವ ಕಬ್ಬೂ ಮೈಮೇಲೆ ಬೀಳುವುದಿಲ್ಲ. ನಿಧಾನ ಹೋಗುವಾಗ ಮೂರನೆಯ, ನಾಲ್ಕನೆಯ ಗೇರಿನಲ್ಲಿ ಇಂಜಿನ್ ಒದ್ದಾಡುವಂತೆ ಎಳೆಸುವುದೂ ಬೇಡ.

ಆಯಿಲು ಮತ್ತು ಗಂಟೆಯ ಲೆಕ್ಕ

ಆಯಿಲಿನ ಕೆಲಸ ಜಾರಿಸುವುದಷ್ಟೇ ಅಲ್ಲ. ಗಾಳಿ ಮುಟ್ಟಲಾರದ ಒಳಗಿನ ಜಾಗಗಳಿಂದ, ಮುಖ್ಯವಾಗಿ ಪಿಸ್ಟನ್ನಿನ ಕೆಳಭಾಗದಿಂದ, ಶಾಖವನ್ನು ಕೆಳಗೆ ತರುವುದೂ ಆಯಿಲೇ. ಸಣ್ಣ ಗಾಡಿಗಳಲ್ಲಿ ಅದರ ಪ್ರಮಾಣ ಹೆಚ್ಚೂಕಡಿಮೆ ಒಂದು ಲೀಟರ್ ಮಾತ್ರ. ಅದರಲ್ಲಿ ಕಾಲು ಲೀಟರ್ ಕಡಿಮೆಯಾದರೂ ಉಳಿದದ್ದರ ಮೇಲೆ ಬೀಳುವ ಭಾರ ಎಷ್ಟೆಂದು ಊಹಿಸಬಹುದು.

ಕಂಪನಿಯ ಪುಸ್ತಕದಲ್ಲಿ ಇಷ್ಟು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸಿ ಎಂದಿರುತ್ತದೆ. ನಮ್ಮವರು ಮೀಟರ್ ನೋಡಿ "ಇನ್ನೂ ಬಾಕಿ ಇದೆ" ಎನ್ನುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಟ್ರ್ಯಾಕ್ಟರಿನ ಮೀಟರ್ ಗಂಟೆಯ ಲೆಕ್ಕ ತೋರಿಸುತ್ತದೆ. ಅದರ ಆಯಿಲನ್ನು ತಾವು ಗಂಟೆ ನೋಡಿಯೇ ಬದಲಿಸುತ್ತೀರಿ, ಎಷ್ಟು ದೂರ ಓಡಿತೆಂದು ಕೇಳುವುದಿಲ್ಲ. ಮೋಟಾರ್ ಸೈಕಲ್ಲಿಗೆ ಗಂಟೆಯ ಮೀಟರ್ ಇಲ್ಲ. ಬಯಲು ರಸ್ತೆಯಲ್ಲಿ ಒಂದು ಗಂಟೆಗೆ 40 ಕಿಲೋಮೀಟರ್ ಓಡುವ ಗಾಡಿ ಸಾಲಿನಲ್ಲಿ ಅದೇ ಒಂದು ಗಂಟೆಗೆ ಐದು ಕಿಲೋಮೀಟರ್ ಸಾಗುತ್ತದೆ. ಮೀಟರಿನ ಮಟ್ಟಿಗೆ ಅದು ಐದೇ ಕಿಲೋಮೀಟರ್. ಇಂಜಿನ್ನಿನ ಮಟ್ಟಿಗೆ ಪೂರ್ತಿ ಒಂದು ಗಂಟೆ, ಅದೂ ಗಾಳಿಯಿಲ್ಲದ ಗಂಟೆ. ಹಂಗಾಮಿನ ನಾಲ್ಕೈದು ತಿಂಗಳು ದಿನವೂ ಹೀಗೆ ತಿರುಗುವವರು ಪುಸ್ತಕದ ಕಿಲೋಮೀಟರ್ ಮುಗಿಯುವ ದಾರಿ ಕಾಯದೆ ಮೊದಲೇ ಆಯಿಲ್ ಬದಲಿಸುವುದು ಲಾಭದಾಯಕ. ಗಟ್ಟಿ ಆಯಿಲ್ ಹಾಕಿದರೆ ಗಾಡಿ ಕಾಯುವುದಿಲ್ಲವೆಂಬ ಮಾತು ನಂಬಬೇಡಿ. ಪುಸ್ತಕದಲ್ಲಿ ಹೇಳಿದ ದರ್ಜೆಯನ್ನೇ ಹಾಕಿ. ಮನೆಯಲ್ಲಿ ಡಬ್ಬಿಯಲ್ಲಿ ಉಳಿದ ಟ್ರ್ಯಾಕ್ಟರಿನ ಅಥವಾ ಕಾರಿನ ಆಯಿಲ್ ಸುರಿಯುವುದೂ ಬೇಡ. ಆಗಲೇ ಹೇಳಿದಂತೆ ಇದೇ ಆಯಿಲಿನಲ್ಲಿ ಕ್ಲಚ್ ಮುಳುಗಿರುತ್ತದೆ, ಹೊಂದದ ಆಯಿಲಿನಲ್ಲಿ ಪ್ಲೇಟುಗಳು ಜಾರತೊಡಗುತ್ತವೆ. ಮೋಟಾರ್ ಸೈಕಲ್ಲಿನ ಆಯಿಲ್ ಡಬ್ಬಿಯ ಮೇಲೆ "ಜಾಸೊ ಎಂ.ಎ." ಎಂಬ ಗುರುತು ಇರುವುದನ್ನು ನೋಡಿ ಕೊಳ್ಳಿರಿ.

ಆಯಿಲಿನ ಮಟ್ಟ ನೋಡುವಾಗ ಗಾಡಿಯನ್ನು ಸಮನಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿರಬೇಕು. ಓರೆ ಸ್ಟ್ಯಾಂಡಿನ ಮೇಲೆ ನೋಡಿದರೆ ಸುಳ್ಳು ಲೆಕ್ಕ ಬರುತ್ತದೆ. ಇಂಜಿನ್ ಬಂದ್ ಮಾಡಿ ಎರಡು ಮೂರು ನಿಮಿಷ ಬಿಟ್ಟು ನೋಡಿ. ಕೆಲವು ಗಾಡಿಗಳಲ್ಲಿ ಅಳತೆಯ ಕಡ್ಡಿಯನ್ನು ತಿರುಗಿಸದೆ ಬರೀ ಇಳಿಸಿ ನೋಡಬೇಕಾಗುತ್ತದೆ, ಕೆಲವಕ್ಕೆ ಗಾಜಿನ ಕಿಂಡಿ ಇರುತ್ತದೆ. ಮೇಲಿನ ಗೆರೆ ಮೀರಿ ಸುರಿದರೂ ದೋಷವೇ. ಹೆಚ್ಚಾದ ಆಯಿಲ್ ಮಜ್ಜಿಗೆ ಕಡೆದಂತೆ ನೊರೆಗಟ್ಟುತ್ತದೆ.

ಎರೆಮಣ್ಣಿನ ಕಂಬಳಿ

ನಮ್ಮದು ಎರೆಭೂಮಿ. ನೀರು ಬಿಟ್ಟ ತೋಟದ ದಾರಿಯಲ್ಲಿ ಹೋಗಿಬಂದರೆ ಮುಂದಿನ ಗಾಲಿ ಎರಚಿದ ಮಣ್ಣೆಲ್ಲ ಇಂಜಿನ್ನಿನ ಮುಂಭಾಗಕ್ಕೇ ಹತ್ತುತ್ತದೆ. ಅದರ ಮೇಲೆ ಆಯಿಲಿನ ಜಿಡ್ಡು, ಕಾರಖಾನೆಯ ಹತ್ತಿರ ಹಾರುವ ಕಬ್ಬಿನ ಸಿಪ್ಪೆಯ ಪುಡಿ, ರವದಿಯ ಬೂದಿ ಕೂಡಿದರೆ ಫಿನ್ನುಗಳ ಸಂದು ಇಟ್ಟಿಗೆಯಂತೆ ಮುಚ್ಚಿಬಿಡುತ್ತದೆ. ಬೇಸಿಗೆಯಲ್ಲಿ ಕಂಬಳಿ ಹೊದ್ದು ಕುಳಿತಂತಾಯಿತು. ವಾರಕ್ಕೊಮ್ಮೆ, ಇಂಜಿನ್ ಪೂರ್ತಿ ತಣ್ಣಗಾಗಿರುವಾಗ, ಮಣ್ಣನ್ನು ನೆನೆಸಿ ಬ್ರಷ್ಷಿನಿಂದ ತೊಳೆಯಿರಿ. ಕಬ್ಬಿಣದ ಸಲಾಕೆಯಿಂದ ಕೆರೆಯುವುದು ಬೇಡ. ಇಂಜಿನ್ನಿನ ಮುಂದೆ ಅಂದಕ್ಕೆಂದು ಕಟ್ಟಿದ ಬೋರ್ಡು, ರೆಕ್ಸಿನ್, ಹಾಲಿನ ಕ್ಯಾನಿನ ಮುಂದಿನ ಕೊಕ್ಕೆ ಇವು ಗಾಳಿಗೆ ಅಡ್ಡಿಯಾಗುತ್ತಿದ್ದರೆ ತೆಗೆದುಬಿಡಿ.

ಇವಲ್ಲದೆ ಮಿಸ್ತ್ರಿಗೆ ತೋರಿಸಬೇಕಾದ ಮೂರು ನಾಲ್ಕು ಸಂಗತಿಗಳಿವೆ. ಬ್ರೇಕು ಹಿಡಿದುಕೊಂಡೇ ಇರುವುದು, ಚೈನು ಅತಿ ಬಿಗಿಯಾಗಿರುವುದು, ಟೈರಿನಲ್ಲಿ ಗಾಳಿ ಕಡಿಮೆ ಇರುವುದು ಇವೆಲ್ಲ ಇಂಜಿನ್ನಿಗೆ ಸುಳ್ಳು ಭಾರ. ಟ್ಯಾಪೆಟ್ ಬಿಗಿಯಾದರೂ ಕಾಯುತ್ತದೆ. ಏರ್ ಫಿಲ್ಟರ್ ತೆಗೆದುಹಾಕಿ ಓಡಿಸುವವರು ಹೊಗೆಯ ಬದಲು ಧೂಳು ಕುಡಿಸುತ್ತಿದ್ದಾರೆಂದು ತಿಳಿಯಬೇಕು.

ಎಥೆನಾಲಿನಿಂದ ಕಾಯುತ್ತದೆಯೇ?

ಈ ಪ್ರಶ್ನೆ ಬಂದಾಗ ಜಾರಿಕೊಳ್ಳುವುದು ಕಬ್ಬಿನ ಇಲಾಖೆಯವರಿಗೆ ಶೋಭಿಸದು; ಎಥೆನಾಲ್ ನಮ್ಮ ಕಬ್ಬಿನ ರಸದಿಂದ, ಕಾಕಂಬಿಯಿಂದಲೇ ಆಗುವ ಪದಾರ್ಥ. ಪೆಟ್ರೋಲಿನಲ್ಲಿ ಅದರ ಬೆರಕೆ 2022ರಲ್ಲಿ ನೂರಕ್ಕೆ 10ರ ಮಟ್ಟ ಮುಟ್ಟಿತು, 2025ರಲ್ಲಿ 20ರ ಮಟ್ಟ ಮುಟ್ಟಿತು.

ಇದ್ದದ್ದನ್ನು ಇದ್ದಂತೆ ಹೇಳಬೇಕೆಂದರೆ ಹೀಗೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೆಯ ಎರಡು ಪಾಲು. ಆದ್ದರಿಂದ 20ರ ಬೆರಕೆಯಲ್ಲಿ ಮೈಲೇಜು ಸ್ವಲ್ಪ ಇಳಿಯುತ್ತದೆ. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು: ಒಂದು ಕಿಲೋ ಪೆಟ್ರೋಲು ಸುಡಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಕಿಲೋ ಸಾಕು. ಹೊಸ ಇಂಜೆಕ್ಷನ್ ಗಾಡಿಗಳಲ್ಲಿ ಸೆನ್ಸರ್ ಇದನ್ನು ತಿಳಿದು ಇಂಧನ ಹೆಚ್ಚಿಸಿ ಸರಿಮಾಡಿಕೊಳ್ಳುತ್ತದೆ. ಆದರೆ ಬರೀ ಪೆಟ್ರೋಲಿಗೆ ಹೊಂದಿಸಿದ ಹಳೆಯ ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಅದು ಹಿಂದಿನ ಲೆಕ್ಕದಲ್ಲಿಯೇ ಗಾಳಿ ಬಿಡುತ್ತದೆ. ಆಗ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾಗುತ್ತದೆ. ಮೊದಲೇ ಮೈಲೇಜಿನ ಆಸೆಗೆ ಪೆಟ್ರೋಲು ಕಡಿಮೆ ಮಾಡಿಸಿಕೊಂಡ ಗಾಡಿಯಾದರೆ ಇದೂ ಸೇರಿ ಇಂಜಿನ್ ಹೆಚ್ಚು ಕಾಯುವುದುಂಟು. ಇನ್ನೊಂದು ಕಡೆಯಿಂದ ನೋಡಿದರೆ ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಹೆಚ್ಚು ಶಾಖ ಹೀರುತ್ತದೆ, ಇಂಜಿನ್ ಬಡಿಯುವುದನ್ನೂ ತಡೆಯುತ್ತದೆ. ಆದ್ದರಿಂದ "ಎಥೆನಾಲಿನಿಂದಲೇ ಗಾಡಿ ಸುಟ್ಟಿತು" ಎಂಬ ಮಾತಿನಲ್ಲಿ ಪೂರ್ತಿ ಸತ್ಯವಿಲ್ಲ, ಪೂರ್ತಿ ಸುಳ್ಳೂ ಅಲ್ಲ.

ಹಳೆಯ ಗಾಡಿಯವರು ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ತುದಿ ತಿಳಿ ಕಂದು ಇದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲುತ್ತಿಲ್ಲ, ಇಂಜಿನ್ ಮಿತಿಮೀರಿ ಕಾಯುತ್ತಿದೆ ಎಂದರ್ಥ, ಕಾರ್ಬೊರೇಟರ್ ಹೊಂದಿಸಿಕೊಳ್ಳಬೇಕು. ಕಾಡಿಗೆಯಂತೆ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು. ಹಳೆಯ ರಬ್ಬರಿನ ನಳಿಕೆಗಳನ್ನೂ ಆಗಾಗ ನೋಡುತ್ತಿರಿ; ಎಥೆನಾಲ್ ಅವನ್ನು ಮೆತ್ತಗೆ ಮಾಡುವುದುಂಟು.

ಕಾದೇ ಬಿಟ್ಟರೆ

ಎಕ್ಸಿಲೇಟರ್ ಕೊಟ್ಟರೂ ಎಳೆಯದಿರುವುದು, ಒಳಗಿನಿಂದ ಟಣ ಟಣ ಸದ್ದು, ಸುಟ್ಟ ಆಯಿಲಿನ ವಾಸನೆ, ನ್ಯೂಟ್ರಲ್ ಸಿಗದಿರುವುದು ಇವು ಮುನ್ಸೂಚನೆಗಳು. ಇದಾದ ಮೇಲೂ ಓಡಿಸಿದರೆ ಪಿಸ್ಟನ್ ಹಿಡಿಯುತ್ತದೆ. ಪಿಸ್ಟನ್ ಅಲ್ಯುಮಿನಿಯಂನದು, ಕಾದಾಗ ಅದು ಬೀಡು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಿಲಿಂಡರಿನೊಳಗೆ ಅದಕ್ಕಿರುವ ಜಾಗ ಕೂದಲೆಳೆಯಷ್ಟು. ಆ ಜಾಗದಲ್ಲಿನ ಆಯಿಲಿನ ಪದರು ಹರಿದ ಕ್ಷಣ ಲೋಹಕ್ಕೆ ಲೋಹ ಉಜ್ಜಿ ಗೀರು ಬೀಳುತ್ತದೆ.

ಮುನ್ಸೂಚನೆ ಕಂಡೊಡನೆ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ ನೆರಳಲ್ಲಿ ನಿಲ್ಲಿಸಿ. ರವದಿಯ ಮೇಲೆ ಮಾತ್ರ ನಿಲ್ಲಿಸಬೇಡಿ. ಕಾದ ಸೈಲೆನ್ಸರಿನಿಂದ ಒಣ ರವದಿಗೆ ಬೆಂಕಿ ಹತ್ತಬಹುದು, ಪಕ್ಕದಲ್ಲಿ ಯಾರದೋ ಕಡಿಯದ ಕಬ್ಬು ಇರುತ್ತದೆ. ಇಪ್ಪತ್ತು ನಿಮಿಷವಾದರೂ ಬಿಡಿ. ನೀರು ಸುರಿಯಬೇಡಿ, ಹಸಿ ಗೋಣಿತಟ್ಟು ಹಾಕಬೇಡಿ. ಕಾದ ಹಂಚಿನ ಮೇಲೆ ನೀರು ಬಿದ್ದರೆ ಏನಾಗುತ್ತದೆಂದು ಮನೆಯ ತಾಯಂದಿರಿಗೆ ಗೊತ್ತಿದೆ. ಇಂಜಿನ್ನಿನ ಹೆಡ್ಡು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ತಣ್ಣಗಾದ ಮೇಲೆ ಆಯಿಲಿನ ಮಟ್ಟ ನೋಡಿ, ಕೈಯಿಂದ ಮೆಲ್ಲಗೆ ಕಿಕ್ ಒತ್ತಿ ನೋಡಿ. ಇಳಿಯದಿದ್ದರೆ ಬಲ ಹಾಕಬೇಡಿ, ಸೆಲ್ಫ್ ಒತ್ತಬೇಡಿ, ತಳ್ಳಿ ಚಾಲೂ ಮಾಡಬೇಡಿ. ಹಾಗೆಯೇ ಮಿಸ್ತ್ರಿಯ ಹತ್ತಿರ ಒಯ್ಯಿರಿ.

ಊರಿನ ತರುಣರು ಕೆಲವರು ಕೊಂಡಿರುವ ದೊಡ್ಡ ಗಾಡಿಗಳಿಗೆ ರೇಡಿಯೇಟರ್ ಇರುತ್ತದೆ. ಬಿಸಿಯ ಕೆಂಪು ದೀಪ ಹತ್ತಿದರೆ ಬಂದ್ ಮಾಡಬೇಕು. ಕಾದಿರುವಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಅದಕ್ಕೆ ನಮ್ಮ ಬೋರಿನ ಗಡಸು ನೀರು ಹಾಕಬಾರದು. ಕಾರಖಾನೆಯ ಬಾಯ್ಲರಿಗೆ ನೀರನ್ನು ಶುದ್ಧಿ ಮಾಡಿಯೇ ಬಿಡುವ ಕಾರಣವೇ ಇಲ್ಲಿಯೂ ಅನ್ವಯಿಸುತ್ತದೆ. ಒಳಗೆ ಸುಣ್ಣ ಕಟ್ಟಿದರೆ ಶಾಖ ದಾಟುವುದಿಲ್ಲ.

ಮೊದಲು ಹೇಳಿದ ಟ್ರೇಲರ್ ದಾಟುವ ವಿಷಯ ಉಳಿಯಿತು. ಸಾಲಿನ ಹಿಂದೆ ಗಾಡಿ ಕಾಯುತ್ತಿದೆ ಎನ್ನಿಸಿದಾಗ ಎಕ್ಸಿಲೇಟರ್ ತಿರುವಿ ಮುಂದೆ ನುಗ್ಗಿದರೆ ಗಾಳಿ ಸಿಗುತ್ತದೆಂಬ ಆಲೋಚನೆ ಸಹಜವೇ. ಆದರೆ ಎರಡು ಟ್ರೇಲರಿನ ಉದ್ದವನ್ನು ಹಿಂದಿನಿಂದ ಅಂದಾಜು ಮಾಡುವುದು ಕಷ್ಟ. ಮೊದಲನೆಯದನ್ನು ದಾಟಿದಾಗಲೇ ಮುಂದೆ ಇನ್ನೊಂದು ಇರುವುದು ಕಾಣುತ್ತದೆ. ಕಬ್ಬು ಎರಡೂ ಬದಿಗೆ ಚಾಚಿರುತ್ತದೆ, ಹಿಂದಿನ ಟ್ರೇಲರ್ ಓಲಾಡುತ್ತಿರುತ್ತದೆ, ರಾತ್ರಿಯಾದರೆ ಎದುರಿನ ದೀಪ ಕಣ್ಣು ಕುಕ್ಕುತ್ತದೆ. ಇಂಜಿನ್ ಕಾದರೆ ಬಂದ್ ಮಾಡಿ ರಸ್ತೆ ಬದಿ ನಿಲ್ಲಲು ಯಾರ ಅಪ್ಪಣೆಯೂ ಬೇಕಿಲ್ಲ.

ತಮ್ಮ ಕಬ್ಬಿನ ಕಾಟಾ ಎದುರಿಗೆ ನಿಂತು ನೋಡುವುದು ಸಭಾಸದರ ಹಕ್ಕು, ಅದನ್ನು ಬಿಡಬೇಕೆಂದು ಈ ಲೇಖಕ ಹೇಳುವುದಿಲ್ಲ. ಆದರೆ ಅದಕ್ಕಾಗಿ ತೋಟದಿಂದಲೇ ಟ್ರೇಲರಿನ ಬಾಲ ಹಿಡಿದು ಬರಬೇಕಾಗಿಲ್ಲ. ಟ್ರ್ಯಾಕ್ಟರ್ ಹೊರಟ ಮೇಲೆ ಊಟ ಮುಗಿಸಿ, ಚಾಲಕನಿಗೆ ಫೋನ್ ಮಾಡಿ, ಸಾಲಿನಲ್ಲಿ ಅವನ ಮುಂದೆ ಎಷ್ಟು ಗಾಡಿ ಉಳಿದಿವೆ ಎಂದು ಕೇಳಿ ಹೊರಟರೂ ಕಾಟಾಕ್ಕೆ ಏರುವ ಹೊತ್ತಿಗೆ ಮುಟ್ಟಬಹುದು.